ಮಾನಿಟರ್ ಕಣ್ಣು ಮುಚ್ಚಿದ ಶನಿವಾರ

"ನಾನಿರುವ ತನಕ ಈ ಮನೆಗೆ ರಿಪೇರಿಯವನು ಬರಕೂಡದು" ಎಂದು ಅಸಾಫ್ ಘೋಷಿಸಿದಾಗ, ಅವನ ಹೆಂಡತಿ ಪೆರೂತ್‌ಳ ಕಂಪ್ಯೂಟರ್ ಪರದೆ ಕಪ್ಪಾಗಿ ಐದು ನಿಮಿಷವಾಗಿತ್ತು.

ಅಸಾಫ್ ಉಗಾಂಡಾದ ಎಂಬರಾರಾ ಪಟ್ಟಣದ ಹೈಸ್ಕೂಲೊಂದರಲ್ಲಿ ಜೀವಶಾಸ್ತ್ರದ ಮೇಷ್ಟ್ರು. ವರ್ಷಕ್ಕೆ ನಲವತ್ತು ಕಪ್ಪೆಗಳ ಹೊಟ್ಟೆ ಸೀಳುವವನಿಗೆ ಮಾನಿಟರ್ ಯಾವ ಲೆಕ್ಕ? ಆದರೆ ಈ ಸಲ ಮೇಜಿನ ಮೇಲೆ ಪೆರೂತ್‌ಳ ಹಣೆಬರಹವೂ ಮಲಗಿತ್ತು. ಹದಿನಾರು ವರ್ಷ ಪಾಠ ಹೇಳಿದ ಮೇಲೆ ಅವಳು ಹೆಣ್ಣುಮಕ್ಕಳ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ ಹುದ್ದೆಗೆ ಅರ್ಜಿ ಬರೆದಿದ್ದಳು. ವಿಳಾಸ ಹಾಕಿಟ್ಟ ಮೇಲ್ ಹನ್ನೆರಡರೊಳಗೆ ಹೋಗಬೇಕು. ಆಗ ಗಂಟೆ ಹನ್ನೊಂದು. ಒಲೆಯ ಮೇಲಿನ ಮಟೋಕೆ ಬಾಳೆಕಾಯಿ ಬೆಂದಿದೆಯೇ ಎಂದು ನೋಡಿ ಬರುವಷ್ಟರಲ್ಲಿ ಪರದೆ 'ಸಿಗ್ನಲ್ ಇಲ್ಲ' ಎಂದು ತೋರಿಸಿ ಕಣ್ಣು ಮುಚ್ಚಿತ್ತು.

"ರೀ, ಏನು ಬೇಕಾದ್ರೂ ಮಾಡಿ, ಆಫ್ ಮಾತ್ರ ಮಾಡ್ಬೇಡಿ. ಎರಡು ದಿನ ಕೂತು ಬರೆದಿದ್ದು. ಸೇವ್ ಆಗಿದ್ಯೋ ಇಲ್ವೋ ಗೊತ್ತಿಲ್ಲ."

"ನೀನು ಸುಮ್ನೆ ನೋಡ್ತಾ ಇರು."

ಅವನು ಹಿಂದಿನ ಕೇಬಲ್ ಕಿತ್ತು, ಊದಿ, ನೋಡಿದ. ಒಂದು ಪಿನ್ನು ಬಗ್ಗಿತ್ತು. ಹುಬ್ಬು ಕೀಳುವ ಪೆರೂತ್‌ಳ ಚಿಮಟ ತಂದು ಶಸ್ತ್ರಚಿಕಿತ್ಸೆಗೆ ಇಳಿದ.

"ನೆಟ್ಟಗಾಯ್ತಾ?"

"ಆಯ್ತು. ಪಕ್ಕದ್ದು ಬಗ್ಗಿತು."

ಎರಡನ್ನೂ ನೆಟ್ಟಗೆ ಮಾಡುವಷ್ಟರಲ್ಲಿ ಹನ್ನೊಂದೂಕಾಲು. ಕೇಬಲ್ ಮತ್ತೆ ಹಾಕಿದರೂ ಪರದೆ ಕಪ್ಪಾಗಿಯೇ ಇತ್ತು. ನಡುಮನೆಯ ಟಿವಿಯನ್ನು ಮಗುವಿನಂತೆ ಎತ್ತಿಕೊಂಡು ಬಂದ. ಆ ಕೇಬಲ್ಲಿಗೆ ಅದರಲ್ಲಿ ತೂತೇ ಇರಲಿಲ್ಲ. ಪೆರೂತ್ ಗಡಿಯಾರವನ್ನೇ ನೋಡುತ್ತಿದ್ದಳು. ಅವಳು ಬೈದಿದ್ದರೆ ಅವನಿಗೆ ಇಷ್ಟು ಬೆವರು ಬರುತ್ತಿರಲಿಲ್ಲ. ಒಲೆಯ ಕಡೆಯಿಂದ ಸೀದ ವಾಸನೆ ಬಂದು ಅವಳು ಒಳಗೆ ಓಡಿದಳು.

ಅಸಾಫ್ ಕೀಬೋರ್ಡಿನ ಒಂದು ಕೀಲಿ ಒತ್ತಿದ. ಮೂಲೆಯ ಪುಟ್ಟ ದೀಪ ಹತ್ತಿತು. ಯಂತ್ರಕ್ಕೆ ಜೀವವಿದೆ, ಮುಖ ಮಾತ್ರ ಇಲ್ಲ! ಕಾಣದ ಪರದೆಯಲ್ಲಿ ಯಾರು ಓದುತ್ತಾರೆಂಬ ಧೈರ್ಯದಿಂದ ಮನಸ್ಸಿನಲ್ಲಿದ್ದುದನ್ನೆಲ್ಲ ಕುಟ್ಟಿದ. ಆಮೇಲೆ ಸಿಟ್ಟಿಗೆ ಕೈಗೆ ಸಿಕ್ಕ ನಾಲ್ಕಾರು ಕೀಲಿಗಳನ್ನೂ ಒಟ್ಟಿಗೇ ಒತ್ತಿದ.

ಅಷ್ಟರಲ್ಲಿ ಪಕ್ಕದ ಮನೆಯ ಎಸೇಜಾ ಅಜ್ಜಿ ಒಯ್ದಿದ್ದ ಬುಟ್ಟಿ ಕೊಡಲು ಬಂದಳು.

"ಮೇಷ್ಟ್ರೇ, ಈ ನೋಟ್‌ಬುಕ್ ರಾಶಿ ಯಾಕೆ ಅದರ ಗದ್ದ ಒತ್ತುತಾ ಇದೆ?"

ರಾಶಿ ಅವನೇ ಇಟ್ಟದ್ದು, ಪೆರೂತ್ ಮಟೋಕೆ ನೋಡಲು ಹೋಗಿದ್ದಾಗ. ಅಜ್ಜಿ ಅದನ್ನು ಸರಿಸಿ ಮಾನಿಟರಿನ ಅಡಿಗೆ ಬೆರಳಾಡಿಸಿದಳು. ರಾಶಿಯ ಒತ್ತಿಗೆ ಅದುಮಿಹೋಗಿದ್ದ ಯಾವುದೋ ಬಟನ್ ಸಿಕ್ಕಿತು. ಎರಡು ಸಲ ಒತ್ತಿದಳು. ಪರದೆ ಬೆಳಗಿತು. ಪೆರೂತ್ ಓಡಿ ಬಂದಳು. ಅರ್ಜಿ ಕಾಣಲಿಲ್ಲ. 'ಸಂದೇಶ ಕಳುಹಿಸಲಾಗಿದೆ' ಎಂದಿತ್ತು.

ಅವಳು ಅದನ್ನು ತೆರೆದಳು. ಅರ್ಜಿಯ ಕೊನೆಯಲ್ಲಿ, ಅವಳ ಸಹಿಯ ಕೆಳಗೆ ಹೀಗಿತ್ತು: 'ಈ ಹೆಂಗಸು ಹಿಡಿದದ್ದನ್ನು ಬಿಡುವವಳಲ್ಲ. ಯಾರಿಗೂ ಹೆದರುವವಳಲ್ಲ. ಹದಿನೆಂಟು ವರ್ಷದಲ್ಲಿ ಒಂದು ಜಗಳವನ್ನೂ ನಾನು ಗೆದ್ದಿಲ್ಲ. ದೇವರೇ, ಪರದೆ ಹೊತ್ತಿಸು.'

ಮಟೋಕೆ ಯಾರಿಗೂ ಸೇರಲಿಲ್ಲ. ಒಂದೂವರೆಗೆ ಶಾಲಾ ಮಂಡಳಿಯ ಕಾರ್ಯದರ್ಶಿಯ ಫೋನ್ ಬಂತು.

"ಕೊನೆಯ ಸಾಲುಗಳನ್ನ ಬರೆದವರು ಯಾರಮ್ಮ?"

ಪೆರೂತ್ ಗಂಡನನ್ನು ನೋಡಿದಳು. ಅವನು ಚಿಮಟ ನೋಡುತ್ತಿದ್ದ.

"ನಮ್ಮನೆಯವರು, ಸರ್."

"ಬರೆದಿದ್ದು ನಿಜವೇ?"

"ಪ್ರತಿಯೊಂದು ಮಾತೂ, ಸರ್."

"ಹಾಗಾದ್ರೆ ಮಂಗಳವಾರ ಸಂದರ್ಶನಕ್ಕೆ ಬನ್ನಿ. ಆ ಶಾಲೆಯ ಅಡುಗೆಯವಳೊಬ್ಬಳೇ ಮೂರು ಮುಖ್ಯೋಪಾಧ್ಯಾಯಿನಿಯರನ್ನ ಓಡಿಸಿದ್ದಾಳೆ."

ಫೋನ್ ಇಟ್ಟದ್ದೇ ಅಸಾಫ್ ಎದೆಯುಬ್ಬಿಸಿ ಎದ್ದುನಿಂತ.

"ನೋಡಿದ್ಯಾ? ನನ್ನ ಶಿಫಾರಸು."

"ಹೌದು, ಉಪಕಾರವಾಯ್ತು" ಎಂದಳು ಪೆರೂತ್. "ಈಗ ಆ ಬಟನ್ ಎಲ್ಲಿದೆ, ಸ್ವಲ್ಪ ತೋರ್ಸಿ."

ಅಸಾಫ್ ಮಾನಿಟರಿನ ಅಡಿಗೆ ಬಹಳ ಹೊತ್ತು ಬೆರಳಾಡಿಸಿದ. ಆಮೇಲೆ ಮೆಲ್ಲನೆ ಬಾಗಿಲ ಬಳಿ ಹೋಗಿ ಪಕ್ಕದ ಮನೆಯತ್ತ ಕೂಗಿದ: "ಅಜ್ಜೀ, ಸ್ವಲ್ಪ ಬಂದು ಹೋಗ್ತೀರಾ?"