ನಮ್ಮ ಟಿ.ವಿ.ಯ ಕೊನೇ ಭಾಗ

ಮನುಷ್ಯರ ಜೊತೆ ಜಗಳ ಮಾಡಿ ನಾನು ಸೋತದ್ದು ಕಡಿಮೆ. ಯಂತ್ರಗಳ ಜೊತೆ ಗೆದ್ದದ್ದು ಇನ್ನೂ ಕಡಿಮೆ. ಮೈಕು ಹಿಡಿದರೆ ಅದು ಕಿರುಚುತ್ತದೆ, ಜೀಪು ಹತ್ತಿದರೆ ಮೆರವಣಿಗೆಯ ನಡುವೆ ನಿಲ್ಲುತ್ತದೆ. ಆದರೆ ಈ ಬೇಸಿಗೆಯಲ್ಲಿ ಒಂದು ಟಿ.ವಿ. ನಮ್ಮ ಸಂಘವನ್ನು ಆಟ ಆಡಿಸಿದಷ್ಟು ಯಾವ ಸರ್ಕಾರವೂ ಆಡಿಸಿಲ್ಲ.

ಶಿಕಾರಿಪುರದಲ್ಲಿ ಒಂದು ಸೈಕಲ್ ಅಂಗಡಿಯ ಮೇಲೆ ನಮ್ಮ ಕಾಲುವೆ ರೈತರ ಸಂಘದ ಕೋಣೆ. ನಾನು ಕಾರ್ಯದರ್ಶಿ. ಕಾಲುವೆಯ ಹೆಸರು ಬೇಡ, ಹೆಸರು ಹೇಳಿದರೂ ನೀರು ಬರುವುದಿಲ್ಲ. ಮೊದಲ ಭಾಗದವರು ಎಳೆದುಕೊಂಡು ಮಿಕ್ಕದ್ದು ಕೊನೇ ಭಾಗಕ್ಕೆ ಬರಬೇಕು. ಮಿಗುತ್ತಲೇ ಇರಲಿಲ್ಲ. ನಮ್ಮ ಅಧ್ಯಕ್ಷರ ಗದ್ದೆ ಕೊನೇ ಭಾಗದಲ್ಲೂ ಕೊನೆಯದು. ಬೇಸಿಗೆ ಭತ್ತ ನಾಟಿ ಮಾಡಿ ಕೂತಿದ್ದರು, ಗದ್ದೆ ಬಿರುಕು ಬಿಡಲು ಶುರುವಾಗಿತ್ತು. ಅಷ್ಟರಲ್ಲಿ ನೀರಾವರಿ ಇಲಾಖೆಯ ಮೇಲಧಿಕಾರಿ ಮೇಡಂ ವಿಡಿಯೊದಲ್ಲಿ ಸಭೆ ಕರೆದರು. ದೂರನ್ನು ಫೋಟೊ ಸಮೇತ ಅಲ್ಲೇ ತೋರಿಸಬೇಕು, ತೀರ್ಮಾನವೂ ಅಲ್ಲೇ.

ತೋರಿಸಲು ಕಂಪ್ಯೂಟರ್ ಬೇಕು. ನಮ್ಮದು ಸಿಡಿಲು ಬಡಿದು ಸತ್ತಿತ್ತು. ಉಳಿದದ್ದು ಗೊಬ್ಬರದಂಗಡಿಯ ಲಕ್ಕಿ ಡ್ರಾದಲ್ಲಿ ಬಂದ ಸ್ಮಾರ್ಟ್ ಟಿ.ವಿ. ಮಾತ್ರ. ಅದಕ್ಕೆ ಸಭೆಯ ಆ್ಯಪ್ ಹಾಕಲು ಹೋದರೆ 'ನಿಮ್ಮ ಸಾಧನ ಹಳೆಯದಾಗಿದೆ' ಎಂದಿತು. ನನಗೆ ಮೈ ಉರಿಯಿತು. ನಮ್ಮ ಮನೆಯ ಒರಳುಕಲ್ಲು ಅಜ್ಜಿಯ ಕಾಲದ್ದು. ನಾನು ಹಳೆಯದು, ಇನ್ನು ಚಟ್ನಿ ರುಬ್ಬುವುದಿಲ್ಲ ಅಂತ ಅದು ಒಂದು ದಿನವೂ ಅಂದಿಲ್ಲ. ಟಿ.ವಿ.ಯ ಹೊಟ್ಟೆಯಲ್ಲಿ ಇರುವುದೂ ಒಂದು ಕಂಪ್ಯೂಟರೇ. ಕಂಪನಿಯವನು ಬೀಗ ಜಡಿದು ಕೀಲಿ ತನ್ನ ಜೇಬಿಗೆ ಹಾಕಿಕೊಂಡಿದ್ದಾನೆ. ವಸ್ತು ನಮ್ಮದು, ಬೀಗ ಅವನದು. ಆ ಬೀಗ ಮುರಿದು, ಜನ ತಾವೇ ಬರೆದು ಪುಕ್ಕಟೆ ಹಂಚುವ ಕಂಪ್ಯೂಟರ್ ಸಾಫ್ಟ್‌ವೇರನ್ನು ಅದರೊಳಗೆ ಕೂರಿಸುತ್ತೇನೆ ಎಂದು ಹಠ ಹಿಡಿದೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿ, ಅದೂ ಫೇಲು. ಮಿಕ್ಕಿದ್ದೆಲ್ಲ ಮೊಬೈಲ್ ನೋಡಿ ಕಲಿತದ್ದು.

ಯಾವ ರೂಟು

ಟಿ.ವಿ.ಯ ಬೀಗ ಮುರಿಯುವುದಕ್ಕೆ ಬಲ್ಲವರು 'ರೂಟ್ ಮಾಡುವುದು' ಅನ್ನುತ್ತಾರೆ. ನಾನು ಅದನ್ನೇ ಗಂಭೀರವಾಗಿ ಸಭೆಯಲ್ಲಿ ಮಂಡಿಸಿದೆ, ಟಿ.ವಿ. ಮೊದಲು ರೂಟ್ ಆಗಬೇಕು ಅಂತ.

ಅಧ್ಯಕ್ಷರು ತಲೆ ಕೆರೆದುಕೊಂಡು ಕೇಳಿದರು, "ಯಾವ ರೂಟು ತಮ್ಮಾ?"

ಸೊರಬದಿಂದ ಬಂದಿದ್ದ ನಮ್ಮ ಖಜಾಂಚಿ ನನಗಿಂತ ಮೊದಲೇ ಬಾಯಿ ಹಾಕಿದ. ರಿಪೇರಿಗೆ ಸೊರಬಕ್ಕೆ ಒಯ್ಯುವುದಾದರೆ ಶಿರಾಳಕೊಪ್ಪದ ಮೇಲೆಯೇ ಹೋಗಬೇಕು, ಬೇರೆ ರಸ್ತೆಯಲ್ಲಿ ಗುಂಡಿ, ಗಾಜು ಉಳಿಯುವುದಿಲ್ಲ ಅಂದ. ಅಧ್ಯಕ್ಷರು ಒಪ್ಪಿದರು. ಬಸ್ಸಿನಲ್ಲಿ ಬೇಡ, ಕುರಿ ಸಾಗಿಸುವ ತಮ್ಮ ಗಾಡಿಯಲ್ಲಿ ಹುಲ್ಲು ಹಾಸಿ ಮಲಗಿಸೋಣ ಎಂದರು. ನಾನು ಅರ್ಧ ಗಂಟೆ ವಿವರಿಸಿದೆ. ಟಿ.ವಿ. ಎಲ್ಲಿಗೂ ಹೋಗುವುದಿಲ್ಲ, ಗೋಡೆಯ ಮೇಲೇ ಇರುತ್ತದೆ, ಅಲ್ಲೇ ರೂಟ್ ಆಗುತ್ತದೆ.

ಮರುದಿನ ಬೆಳಿಗ್ಗೆ ಗಾಡಿಯವನು ಹುಲ್ಲಿನ ಸಮೇತ ಕೆಳಗೆ ನಿಂತು ಹಾರ್ನ್ ಹೊಡೆಯುತ್ತಿದ್ದ.

ಎದುರಿನ ರಿಮೋಟು

ಅಂತೂ ಸಾಫ್ಟ್‌ವೇರ್ ಕೂತಿತು. ಟಿ.ವಿ.ಗೆ ಕೀಬೋರ್ಡ್ ಸಿಕ್ಕಿಸಿ ಮನವಿ ಟೈಪ್ ಮಾಡಲು ಕೂತೆ. "ಮಾನ್ಯರೇ" ಅಂತ ಬರೆದೆ. ಇಡೀ ಹಾಳೆ ಮುಚ್ಚಿಕೊಂಡಿತು. ಮತ್ತೆ ತೆರೆದೆ, ಮತ್ತೆ ಮುಚ್ಚಿತು. ಇದು ಕಂಪನಿಯವನ ಪಿತೂರಿ, ಅಲ್ಲಿಂದಲೇ ಮುಚ್ಚುತ್ತಿದ್ದಾನೆ ಎಂದು ನಾನು ಒಂದು ಭಾಷಣವನ್ನೂ ಮಾಡಿ ಮುಗಿಸಿದೆ. ಕೇಳಲು ಖಜಾಂಚಿ ಒಬ್ಬನೇ ಇದ್ದ.

ಅವನು ಕಿಟಕಿಯಲ್ಲಿ ನೋಡಿ ಕರೆದ. ಓಣಿಯ ಆಚೆ ಚಾ ಹೋಟೆಲು. ಅಲ್ಲೂ ಅದೇ ಕಂಪನಿಯ ಟಿ.ವಿ. ಹೋಟೆಲಿನವನು ಬಾಗಿಲಲ್ಲಿ ಓಣಿಗೆ ಮುಖ ಮಾಡಿ ನಿಂತು, ಹಿಂದಕ್ಕೆ ತಿರುಗದೆಯೇ ರಿಮೋಟು ಮೇಲಕ್ಕೆತ್ತಿ ಒತ್ತುತ್ತಿದ್ದ. ಗುರಿ ತಪ್ಪಿ ಅದು ನಮ್ಮ ಕಿಟಕಿಯೊಳಗೆ ಬರುತ್ತಿತ್ತು.

ಕೆಳಗಿಳಿದು ಜಗಳ ತೆಗೆದೆ. ಅವನೂ ಬಿಡಲಿಲ್ಲ. ನಮ್ಮ ರಿಮೋಟಿನಿಂದ ಅವನ ಕ್ರಿಕೆಟ್ಟು ಕೊನೇ ಓವರಿನಲ್ಲಿ ಬಂದ್ ಆಗಿ ಗಿರಾಕಿಗಳು ಬೈದು ಹೋಗಿದ್ದರಂತೆ. ನಾಳೆಯೇ ನಿನ್ನ ಹೋಟೆಲ್ ಮುಂದೆ ಧರಣಿ ಕೂರುತ್ತೇವೆ ಎಂದೆ ನಾನು.

ಅವನು ತಣ್ಣಗೆ ಹೇಳಿದ, "ಕೂರ್ರಿ. ಆದ್ರ ಪ್ರತಿ ಧರಣಿಗೂ ಚಾ ನಂದೇ ಹೋಗೋದು. ನಾಳಿಂದಕ್ಕ ಚಾ ಎಲ್ಲಿ ಹೇಳೀರಿ?"

ಅಲ್ಲಿಗೆ ಆ ಹೋರಾಟ ಹಿಂತೆಗೆದುಕೊಂಡೆವು. ನಮ್ಮ ಕಿಟಕಿಗೆ ಗೋಣಿಚೀಲ ಕಟ್ಟಿದೆವು.

ಹಳೇ ಸರ್ಕಾರ

ಹೊಸ ಸಾಫ್ಟ್‌ವೇರ್ ಮೇಲೆ ಕೂತಿತ್ತೇ ಹೊರತು ಕಂಪನಿಯದು ಅಡಿಯಲ್ಲಿ ಹಾಗೇ ಇತ್ತು. ಸರ್ಕಾರ ಬದಲಾದರೂ ಗುಮಾಸ್ತರು ಅವರೇ ಇರುತ್ತಾರಲ್ಲ, ಹಾಗೆ. ಬಹಳ ಹೊತ್ತು ರಿಮೋಟು ಮುಟ್ಟದಿದ್ದರೆ ಅದು ಅಡಿಯಿಂದ ಎದ್ದು ಬರುತ್ತಿತ್ತು.

ಒಂದು ಮಧ್ಯಾಹ್ನ ಮೇಡಂ ಮುಂದೆ ಏನು ಮಾತಾಡಬೇಕೆಂದು ಅಭ್ಯಾಸ ನಡೆಸಿದ್ದೆವು. ಅಧ್ಯಕ್ಷರು ಟಿ.ವಿ.ಗೆ ಕೈ ಮುಗಿದು ನಿಂತು, ನಾಟಿ ಮಾಡಿದ್ದು, ಕಾದದ್ದು, ಕಚೇರಿಗೆ ಅಲೆದದ್ದು ಎಲ್ಲವನ್ನೂ ಸಾವಕಾಶ ಹೇಳುತ್ತಿದ್ದರು. ಖಜಾಂಚಿ ನಡುವೆ ಒಂದು ಮಾತು ಸೇರಿಸಿದ. ತನ್ನ ಸೊರಬದ ಕಡೆಯ ಗುಡವಿ ಕೆರೆಗೆ ಹಕ್ಕಿಗಳು ಅರ್ಜಿ ಹಾಕದೆಯೂ ಪ್ರತಿ ವರ್ಷ ಹೊತ್ತಿಗೆ ಸರಿಯಾಗಿ ಬರುತ್ತವೆ, ಈ ನೀರಿಗೆ ಎಂತ ಧಾಡಿ ಅಂತ. ಆ ಮಾತು ಎಲ್ಲರಿಗೂ ಹಿಡಿಸಿತು. ಆ ಹೊತ್ತಿಗೆ ಪರದೆ ಕಪ್ಪಾಗಿ ದೊಡ್ಡ ಅಕ್ಷರ ಮೂಡಿತು: 'ನೀವು ಇನ್ನೂ ನೋಡುತ್ತಿದ್ದೀರಾ?'

ಅಧ್ಯಕ್ಷರು ಕೈ ಇಳಿಸದೆ ಉತ್ತರ ಕೊಟ್ಟರು, "ನೋಡಾಕ ಹತ್ತೀವ್ರೀ. ಇನ್ನೂ ಬಂದಿಲ್ಲ."

ಅಂಚಿನ ಕಥೆ

ನಮ್ಮ ಟಿ.ವಿ. ಸುತ್ತಲೂ ಒಂದು ಬೆರಳಗಲ ಚಿತ್ರವನ್ನು ನುಂಗಿಬಿಡುತ್ತದೆ. ಹಳೇ ಟಿ.ವಿ.ಗಳ ಕಾಲದಿಂದ ಬಂದ ಚಾಳಿಯಂತೆ. ಸಿನಿಮಾ ನೋಡುವವನಿಗೆ ಗೊತ್ತಾಗುವುದಿಲ್ಲ, ಕಂಪ್ಯೂಟರ್ ಮಾಡಿಕೊಂಡವನಿಗೆ ಗೊತ್ತಾಗುತ್ತದೆ. ನಾನು ಸಾಲು ತುಂಬ "ಕೊನೇ ಭಾಗಕ್ಕೆ ನೀರು ಬಂದಿಲ್ಲ" ಎಂದು ಬರೆದರೆ ಗೋಡೆಯ ಮೇಲೆ ಕಂಡದ್ದು "ಕೊನೇ ಭಾಗಕ್ಕೆ ನೀರು ಬಂದಿ". ನಮ್ಮ ಭಾಷೆಯಲ್ಲಿ ಇಲ್ಲ ಅನ್ನುವುದೆಲ್ಲ ಕೊನೆಗೇ ಬರುತ್ತದೆ. ಅಂಚು ಹೋದರೆ ಇಲ್ಲವೇ ಇಲ್ಲ.

ಖಜಾಂಚಿಗೆ ಇನ್ನೂ ದೊಡ್ಡ ಆಘಾತ. ಅವನು ಒಬ್ಬೊಬ್ಬ ಅಧಿಕಾರಿಗೂ ಒಂದೊಂದು ಫೋಲ್ಡರ್ ಮಾಡಿ, ಫೋಟೊ ತುಂಬಿ, ಅಂದವಾಗಿ ಬಲಗಡೆಗೆ ಸರಿಸಿ ಜೋಡಿಸಿದ್ದ. ಜೋಡಿಸಿದ್ದೇ ತಡ, ಎಲ್ಲ ಮಾಯ. "ಎಂತದು ಮಾರಾಯ, ಇಟ್ಟದ್ದೆಲ್ಲ ಗೋಡೆ ಒಳಗೆ ಹೋತಲ್ಲ" ಎಂದು ಟಿ.ವಿ.ಯ ಹಿಂದೆ ಕೈ ಹಾಕಿ ತಡಕಿದ. ಹಲ್ಲಿ ಒಂದು ಸಿಕ್ಕಿತು.

ಅಧ್ಯಕ್ಷರಿಗೆ ಮಾತ್ರ ಕ್ಷಣದಲ್ಲಿ ಅರ್ಥವಾಯಿತು. ಇದು ಟೇಲ್ ಎಂಡ್, ಅಂದರೆ ಕೊನೇ ಭಾಗದ ಸಮಸ್ಯೆ, ನಡುವಿನವರು ಎಳೆದುಕೊಂಡಿರುತ್ತಾರೆ ಅಂದರು. ಸರಿಪಡಿಸಲು ನನಗೆ ಬರಲಿಲ್ಲ. ಖಜಾಂಚಿ ಎಲ್ಲವನ್ನೂ ಹೊಸದಾಗಿ ಮಾಡಿ ನಡುವೆ ಇಟ್ಟ. ಹೊಸದಕ್ಕೆ ಮರ್ಯಾದೆಯಾಗಿ ಹುದ್ದೆಯ ಹೆಸರು. ಗೋಡೆಯೊಳಗೆ ಹೋದವಕ್ಕೆ ನಾವು ನಮ್ಮೊಳಗೆ ಕರೆಯುವ ಹೆಸರುಗಳಿದ್ದವು.

ನಾಳೆ ಬಾ

ಹಿಂದೆ ಮನೆ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದರು. ದೆವ್ವ ಬಂದು ಓದಿ ಹಿಂದಿರುಗುತ್ತಿತ್ತು, ಮರುದಿನ ಬಂದು ಮತ್ತೆ ಓದುತ್ತಿತ್ತು. ನಮ್ಮ ಕಾಲುವೆಯ ಎಂಜಿನಿಯರ್ ಸಾಹೇಬರು ರೈತರಿಗೆ ಅದನ್ನೇ ಬಾಯಲ್ಲಿ ಹೇಳುತ್ತಿದ್ದರು. ದೆವ್ವಕ್ಕಿಂತ ನಮ್ಮ ಪಾಡು ಕಡೆ, ಅದು ಬಸ್ಸಿಗೆ ಕಾಯಬೇಕಿರಲಿಲ್ಲ.

ಸಭೆಯ ದಿನ ಟಿ.ವಿ.ಯ ಅರ್ಧದಲ್ಲಿ ಮೇಡಂ, ಇನ್ನರ್ಧದಲ್ಲಿ ಎಂಜಿನಿಯರ್ ಸಾಹೇಬರು. ಸಾಹೇಬರು ಶುರು ಮಾಡಿದರು. ಕೊನೇ ಭಾಗಕ್ಕೆ ನೀರು ಹೆಚ್ಚುಕಡಿಮೆ ತಲುಪಿದೆ, ಉಳಿದದ್ದು ನಾಳೆ ತಲುಪುತ್ತದೆ ಅಂದರು. ಅಧ್ಯಕ್ಷರು ಎದ್ದು ನಿಂತರು. ನಾನು ಫೋಟೊ ತೋರಿಸಲು ನಮ್ಮ ಪರದೆ ಅವರಿಗೂ ಕಾಣುವಂತೆ ಬಿಟ್ಟೆ. ಆಗ ಗೊತ್ತಾಯಿತು ಒಂದು ಸತ್ಯ. ಅಂಚು ನುಂಗುವುದು ನಮ್ಮ ಗೋಡೆಯ ಟಿ.ವಿ. ಮಾತ್ರ. ಆ ಕಡೆಯವರಿಗೆ ಪರದೆ ಪೂರ್ತಿ ಕಾಣುತ್ತದೆ.

ಮೇಡಂ ಕನ್ನಡಕ ಏರಿಸಿದರು. "ಒಂದ್ನಿಮಿಷ. ಬಲಗಡೆ ಕೊನೇಲಿ ಅದೇನ್ರೀ, 'ನಾಳೆ ಬಾ ಸಾಹೇಬ್ರು'?"

ನಾವು ಮೂವರೂ ಬಲಗಡೆ ನೋಡಿದೆವು. ಗೋಡೆ ಇತ್ತು. ನಾನು ಒಂದು ನೆಪ ಹುಡುಕುವುದರೊಳಗೆ, ಸುಳ್ಳು ಹೇಳಿ ಅಭ್ಯಾಸವಿಲ್ಲದ ಅಧ್ಯಕ್ಷರು ಹೇಳಿಬಿಟ್ಟರು, "ಅದು ನಮ್ಮ ಎಂಜಿನಿಯರ್ ಸಾಹೇಬ್ರದ್ದು ಮೇಡಮ್ಮೋರೆ. ಒಳಗ ಅವರು ಹೇಳಿದ ನಾಳೆಗಳದ್ದು ಫೋಟೊ ಅದಾವು."

ಮೇಡಂ ತೆರೆದು ತೋರಿಸಿ ಅಂದರು. ತೆರೆಯುವುದು ಹೇಗೆ, ನಮಗೆ ಅದು ಕಾಣುವುದೇ ಇಲ್ಲವಲ್ಲ. ನಾನು ಮೌಸಿನ ಬಾಣವನ್ನು ಗೋಡೆಯೊಳಕ್ಕೆ ನುಗ್ಗಿಸಿದೆ. ಸರ್ಕಾರದ ಅಷ್ಟು ದೊಡ್ಡ ಅಧಿಕಾರಿ ಕೂತು ನನಗೆ ದಾರಿ ಹೇಳತೊಡಗಿದರು. ಇನ್ನೂ ಬಲಕ್ಕೆ. ಸ್ವಲ್ಪ ಕೆಳಗೆ. "ಅದಲ್ಲ, ಅದು 'ಊಟಕ್ಕೆ ಹೋದ ಸಾಹೇಬ್ರು'. ಅದರ ಮೇಲಿಂದು."

ತೆರೆಯಿತು. ಒಣಗಿದ ಕಾಲುವೆ. ಮರುದಿನದ ಒಣಗಿದ ಕಾಲುವೆ. ಅದರ ಮರುದಿನ ಅದೇ ಕಾಲುವೆಯ ತಳದಲ್ಲಿ ಅಧ್ಯಕ್ಷರ ಕುರಿಗಳು ಹುಲ್ಲು ಮೇಯುತ್ತಿದ್ದವು. ಒಂದು ಕುರಿ ತಲೆಯೆತ್ತಿ ನೇರವಾಗಿ ಸಾಹೇಬರನ್ನೇ ನೋಡುತ್ತಿತ್ತು.

ಮೇಡಂ ನಗಲಿಲ್ಲ, ನಗು ತಡೆದದ್ದು ಕಂಡಿತು. "ಏನ್ರೀ, ಇಲ್ಲಿಗೆ ನೀರು ಯಾವಾಗ ಬಿಡ್ತೀರಿ?"

ಸಾಹೇಬರ ಬಾಯಿ ತನ್ನ ಅಭ್ಯಾಸದಂತೆ ತೆರೆಯಿತು. "ನಾ..." ಅಂದರು. ಅಲ್ಲಿಗೆ ನಿಂತಿತು. ಕಣ್ಣು ಆ ಹೆಸರಿನ ಮೇಲೇ ಇತ್ತು. "ನಾ..." ಅಂದರು ಇನ್ನೊಮ್ಮೆ. "ನಾ... ನಾನೇ ಈಗ ಹೋಗಿ ಬಿಡಿಸ್ತೀನಿ ಮೇಡಂ."

ಅವತ್ತು ಹೊತ್ತು ಮುಳುಗುವುದರೊಳಗೆ ಅಧ್ಯಕ್ಷರ ಗದ್ದೆಯಲ್ಲಿ ನೀರು ನಿಂತಿತು. ಕುರಿಗಳು ಮಾತ್ರ ಕಾಲುವೆ ಬಿಟ್ಟು ಏಳಲು ಒಪ್ಪದೆ ಪ್ರತಿಭಟನೆ ಮಾಡಿದವು.

ಮರುವಾರ ನನಗೆ ಟಿ.ವಿ.ಯ ಅಂಚು ಸರಿಮಾಡುವ ಜಾಗ ಸಿಕ್ಕಿತು. ಒಂದು ಗುಂಡಿ ಒತ್ತಿದರೆ ಪರದೆ ಪೂರ್ತಿ ಕಾಣುತ್ತದೆ. ಒತ್ತಲು ಹೋದಾಗ ಅಧ್ಯಕ್ಷರು ಓಡಿ ಬಂದು ಕೈ ಹಿಡಿದುಕೊಂಡರು.

"ಮುಟ್ಟಬ್ಯಾಡ ತಮ್ಮಾ. ಇದರ ಕೊನೇ ಭಾಗಕ್ಕ ಚಿತ್ರ ಬಂತು ಅಂದ್ರ, ನಮ್ಮ ಕೊನೇ ಭಾಗಕ್ಕ ನೀರು ಬರೂದು ನಿಂತುಬಿಡತೈತಿ."