ಒಣಮಾಂಸಕ್ಕೆ ವಿಮಾನವಿಲ್ಲ

ಸಣ್ಣ ವಿಮಾನ ಕಂಪನಿಯಲ್ಲಿ ದುಡಿದವನಿಗೆ ಸಿಟ್ಟಿಗೆ ಬರವಿಲ್ಲ. ಕೆನಡಾದ ಉತ್ತರದಲ್ಲಿ ಅಂಥದೊಂದರಲ್ಲಿ ನಾನಿದ್ದೆ. ಅಲ್ಲಿನ ಮೂಲನಿವಾಸಿಗಳ ಹಳ್ಳಿಗಳಿಗೆ ರಸ್ತೆಯಿಲ್ಲ. ಹಿಟ್ಟು, ಔಷಧ, ಬಾಣಂತಿ, ಹೆಣ, ಎಲ್ಲ ವಿಮಾನದಲ್ಲೇ. ಹತ್ತುವ ಮೊದಲು ಸಾಮಾನಿನ ಜೊತೆ ಮನುಷ್ಯರನ್ನೂ ತೂಗಬೇಕು. ತೂಗುವವನು ನಾನು.

೧

ರಜೆಗೆ ಮಂಗಳೂರಿಗೆ ಬಂದಾಗ ಮಣ್ಣಗುಡ್ಡದ ನೆರೆಮನೆಯವರು ಕೇಳಿದರು, "ವಿಮಾನದಲ್ಲಿ ಎಂತ ಕೆಲಸ ಮಾರಾಯ್ರೆ, ಪೈಲಟಾ?"

ತೂಗುವುದು ಎಂದೆ. ಅವರ ಮುಖ ಸಣ್ಣದಾಯಿತು.

"ಅದಕ್ಕೆ ಅಷ್ಟು ದೂರ ಯಾಕೆ? ಬಂದರಿನಲ್ಲಿ ನಮ್ಮ ಭಾವನ ಮೆಣಸಿನ ಅಂಗಡಿ ಉಂಟು. ಮಧ್ಯಾಹ್ನದ ಊಟವೂ ಕೊಡ್ತಾರೆ."

೨

ಒಮ್ಮೆ ಹೆಂಡತಿ ಕೆನಡಾಕ್ಕೆ ಬಂದಳು. ನಾಲ್ಕು ಜನರ ಎದುರು ತೂಕದ ಯಂತ್ರ ಹತ್ತುವುದಿಲ್ಲ ಎಂದು ನಿಂತಳು. ಪೈಲಟ್ ಕಾಯುತ್ತಿದ್ದ.

"ಇಷ್ಟು ವರ್ಷ ಒಟ್ಟಿಗೆ ಇದ್ದೀರಿ. ಅಂದಾಜಿನಲ್ಲಿ ಬರೆಯಿರಿ" ಎಂದಳು.

ಬರೆದೆ. ಅವಳು ಬಗ್ಗಿ ನೋಡಿದಳು. ತಕ್ಷಣ ಯಂತ್ರ ಹತ್ತಿದಳು. ನನ್ನ ಅಂದಾಜು ಜಾಸ್ತಿಯಾಗಿತ್ತು.

೩

ದೊಡ್ಡ ನಗರದಿಂದ ಹೊಸ ಮ್ಯಾನೇಜರ್ ಬಂದ. ಬಂದವನೇ ಹಳ್ಳಿಗಳ ಒಣಮಾಂಸ ವಿಮಾನ ಹತ್ತಬಾರದು, ವಾಸನೆ ಎಂದ. ಒಣಮೀನು ಕಟ್ಟಿಕೊಂಡು ಗಲ್ಫಿಗೆ ಹಾರುವ ಊರಿನವನು ನಾನು. ನನಗೆ ವಾಸನೆಯ ಪಾಠ.

ನಮ್ಮ ಪೇಟೆಯ ಆಸ್ಪತ್ರೆಯಲ್ಲಿ ಒಂದು ಹಳ್ಳಿಯ ಅಜ್ಜಿ ಮಲಗಿದ್ದರು. ಮಗಳು ಕಳಿಸುವ ಹಿಮಸಾರಂಗದ ಒಣಮಾಂಸ ಬಿಟ್ಟರೆ ಬೇರೇನೂ ಸೇರದು. ಅದು ನಿಂತಿತು, ಅಜ್ಜಿಯ ಊಟವೂ ನಿಂತಿತು. ಮುದುಕಿ ಸಾಯ್ತಾಳೆ ಎಂದು ಮ್ಯಾನೇಜರಿಗೆ ಹೇಳಿದೆ. ಆಸ್ಪತ್ರೆಯಲ್ಲಿ ಒಳ್ಳೆಯ ಸೂಪ್ ಇದೆಯಲ್ಲ ಎಂದ. ಅವನೇ ಕುಡಿದು ನೋಡಬೇಕಿತ್ತು.

ನಿಷೇಧದ ಬೋರ್ಡು ಹಾಕಿಸಲು ಅವನೇ ಆ ಹಳ್ಳಿಗೆ ಹಾರಿದ. ಮಂಜು ಕವಿಯಿತು. ವಾರ ಕಳೆದರೂ ವಿಮಾನ ಏಳಲಿಲ್ಲ. ಅಲ್ಲಿ ಹೋಟೆಲಿಲ್ಲ. ಕರೆದು ಮನೆಯಲ್ಲಿಟ್ಟುಕೊಂಡವಳು ಅಜ್ಜಿಯ ಮಗಳೇ. ಅವಳ ಮನೆಯಲ್ಲಿ ಬೆಳಿಗ್ಗೆ ಒಣಮಾಂಸ, ಮಧ್ಯಾಹ್ನ ಒಣಮಾಂಸ, ರಾತ್ರಿಗೆ ಅದೇ.

ಕೊನೆಗೆ ನಮ್ಮ ಪೇಟೆಗೆ ಬಂದಿಳಿದ. ಕಂಕುಳಲ್ಲೊಂದು ಡಬ್ಬಿ, ಅಜ್ಜಿಗೆ ಮಗಳು ಕೊಟ್ಟದ್ದು. ಏನದು ಎಂದೆ. ಔಷಧ ಅಂತ ಬರೆಯಿರಿ ಎಂದ, ನನ್ನ ಮುಖ ನೋಡದೆ.

ತೂಗಿದೆ. ಹಳ್ಳಿಯಲ್ಲಿ ಅಂಟಿಸಿದ ಚೀಟಿಯ ತೂಕಕ್ಕೂ ಇದಕ್ಕೂ ತಾಳೆಯಿಲ್ಲ. ಅರ್ಧ ಡಬ್ಬಿ ಆಕಾಶದಲ್ಲೇ ಖರ್ಚಾಗಿತ್ತು. ರೋಗಿಯ ಊಟ ಸ್ವಾಮಿ ಅದು ಎಂದು ಗದರಿದೆ. ಅವನು ಬಾಯಿ ಒರೆಸಿಕೊಂಡ.

ಡಬ್ಬಿ ಒಯ್ದು ಅಜ್ಜಿಗೆ ಕೊಟ್ಟು, ನಡೆದದ್ದನ್ನು ಸಿಟ್ಟಿನಲ್ಲೇ ಹೇಳಿದೆ. ಅಜ್ಜಿ ಎದ್ದು ಕೂತು ಒಂದು ತುಂಡು ಬಾಯಿಗೆ ಹಾಕಿ ನಿಧಾನ ಅಗಿದರು.

"ತಿನ್ನಲಿ ಬಿಡು" ಎಂದರು. "ರುಚಿ ಹತ್ತಿದವನು ಇನ್ನು ಒಂದು ಡಬ್ಬಿಯನ್ನೂ ವಿಮಾನ ಹತ್ತದೆ ಹಳ್ಳಿಯಲ್ಲಿ ಉಳಿಯಗೊಡುವುದಿಲ್ಲ."