ಹತ್ತೊಂಬತ್ತು ಹೆರಿಗೆ ಮತ್ತು ನನ್ನ ಕೈಗುಣ

ಯಾರ ತಪ್ಪಿಗೆ ಯಾರು ಬೈಸಿಕೊಳ್ಳಬೇಕು ಎಂಬುದಕ್ಕೆ ನಮ್ಮಲ್ಲಿ ಒಂದು ಕಾನೂನಿದೆ. ಎಲ್ಲೂ ಬರೆದಿಟ್ಟಿಲ್ಲ, ಆದರೆ ಎಲ್ಲರೂ ಪಾಲಿಸುತ್ತಾರೆ. ಆ ಹೊತ್ತಿಗೆ ಯಾರು ಹತ್ತಿರ ನಿಂತಿರುತ್ತಾರೋ ಅವರದೇ ತಪ್ಪು. ಬಸ್ಸು ಕೆಟ್ಟರೆ ಕಂಡಕ್ಟರನದು. ಹಾಲು ಉಕ್ಕಿದರೆ ಸೊಸೆಯದು. ಹುಟ್ಟಿದ ಮಗು ಹೆಣ್ಣಾದರೆ? ಅದು ನನ್ನ ತಪ್ಪು. ನಾನು ಹೆತ್ತದ್ದಕ್ಕಲ್ಲ ಸ್ವಾಮಿ, ಹೆರಿಗೆ ಮಾಡಿಸಿದ್ದಕ್ಕೆ! ಇಷ್ಟು ವರ್ಷಗಳಾದರೂ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಎಪ್ಪತ್ತರ ದಶಕದ ಕೊನೆಯ ಮಾತು. ನಾನಾಗ ಅಜ್ಜಂಪುರದಲ್ಲಿ ನರ್ಸು. ಬಡ್ತಿ ಬೇಕಾದರೆ ಆರು ತಿಂಗಳ ತರಬೇತಿ ಮುಗಿಸಬೇಕೆಂದರು. ಆಯಿತು ಎಂದೆ. ಎನ್ನುವ ಮುಂಚೆ ನಕಾಶೆ ನೋಡಬೇಕಿತ್ತು. ಮನೆ ಅಜ್ಜಂಪುರ, ಪಾಠ ಕಡೂರು, ಪ್ರಾಕ್ಟಿಕಲ್ ತರೀಕೆರೆಯ ಒಂದು ಹೆರಿಗೆ ಆಸ್ಪತ್ರೆಯಲ್ಲಿ. ಸೋಮವಾರದಿಂದ ಬುಧವಾರದವರೆಗೆ ರೈಲಿನಲ್ಲಿ ಬೀರೂರು, ಅಲ್ಲಿಂದ ಕಡೂರು. ಗುರುವಾರದಿಂದ ಶನಿವಾರದವರೆಗೆ ಬಸ್ಸಿನಲ್ಲಿ ತರೀಕೆರೆ. ಭಾನುವಾರ ಬಿಡುವು ಅಂದುಕೊಂಡಿರಾ? ನನ್ನ ಜಾಗಕ್ಕೆ ಬದಲಿ ಯಾರೂ ಬಂದಿರಲಿಲ್ಲ. "ಭಾನುವಾರ ಒಂದಿಷ್ಟು ನೋಡ್ಕೊಂಡ್ಬಿಡಮ್ಮ" ಎಂದಿದ್ದರು ನಮ್ಮ ಡಾಕ್ಟರು. ಆ ಒಂದಿಷ್ಟು ಅಂದರೆ ಏಳು ಹಳ್ಳಿಯ ಚುಚ್ಚುಮದ್ದು.

ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು, ಅತ್ತೆ, ಮತ್ತು ಪ್ರೈಮರಿ ಸ್ಕೂಲ್ ಮೇಷ್ಟರಾದ ನನ್ನ ಯಜಮಾನರು. ಯಜಮಾನರು ಸಹಾಯ ಮಾಡಲಿಲ್ಲವೆಂದು ಹೇಳಿದರೆ ನನ್ನ ನಾಲಿಗೆಗೆ ಹುಳ ಬೀಳುತ್ತದೆ. ಮಾಡಿದರು. ನಾನು ಬೆಳಿಗ್ಗೆ ರೊಟ್ಟಿ ತಟ್ಟುವಾಗ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ನನ್ನ ಪುಸ್ತಕ ಹಿಡಿದು, ಕ್ಲಾಸಿನಲ್ಲಿ ಕೇಳುವ ಗಂಟಲಿನಲ್ಲೇ ಪ್ರಶ್ನೆ ಕೇಳುತ್ತಿದ್ದರು. "ಪ್ಲಾಸೆಂಟಾ ಎಂದರೇನು? ಅದರ ಕಾರ್ಯಗಳಾವುವು?" ಎದುರುಮನೆಯವರು ಕಿಟಕಿ ಮುಚ್ಚಿಕೊಂಡರು. ನಾನು ಬಾಯಿ ತೆಗೆಯುವ ಮೊದಲೇ ಒಳಗಿನಿಂದ ಅತ್ತೆ, "ಮಾಸು ಅನ್ನೋಕೆ ಇಷ್ಟುದ್ದ ಹೆಸರು ಬೇಕೇನೋ ನಿಂಗೆ?" ಎಂದರು. ಯಜಮಾನರು ಅವರಿಗೆ ಪೂರ್ತಿ ಅಂಕ ಕೊಟ್ಟು ನನ್ನನ್ನು ಮುಂದಿನ ಪ್ರಶ್ನೆಗೆ ದಾಟಿಸಿದರು. ಆ ಕುರ್ಚಿಯಲ್ಲಿ ಕೂತವರು ಒಂದು ದಿನವಾದರೂ ರೊಟ್ಟಿ ಮಗುಚಿ ಹಾಕಿದ್ದುಂಟೇ? ಕೇಳಬೇಡಿ.

ತರಬೇತಿಯ ಕಟ್ಟುನಿಟ್ಟಿನ ನಿಯಮವೆಂದರೆ ಇಪ್ಪತ್ತು ಹೆರಿಗೆ. ಸ್ವಂತ ಕೈಯಿಂದ ಮಾಡಿಸಿ, ಪುಸ್ತಕದಲ್ಲಿ ಬರೆದು, ವಾರ್ಡಿನ ಸಿಸ್ಟರಿಂದ ಒಂದೊಂದಕ್ಕೂ ಸಹಿ ಹಾಕಿಸಬೇಕು. ಇಪ್ಪತ್ತಾಗದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ಆರು ತಿಂಗಳು ಮತ್ತೆ ಮೊದಲಿನಿಂದ. ಊರಿನಲ್ಲಿ ನಾನು ಅಷ್ಟು ವರ್ಷ ಮಾಡಿಸಿದ್ದ ಹೆರಿಗೆಗಳಿಗೆ ಲೆಕ್ಕವಿಲ್ಲ, ಆದರೆ ಅವು ಯಾವುವೂ ಲೆಕ್ಕಕ್ಕಿಲ್ಲ.

ಮೊದಲ ಆರೂ ಹೆಣ್ಣುಮಕ್ಕಳು. ಮುತ್ತಿನಂಥ ಮಕ್ಕಳು. ನಾನು ಖುಷಿಯಾಗಿ ಸಹಿ ಹಾಕಿಸಿಕೊಂಡೆ. ಏಳನೆಯದು ಗಂಡಾಯಿತು, ಆದರೆ ಮಗುವನ್ನು ಹೊರಗೆ ಒಯ್ದು ತೋರಿಸಿದ್ದು ಆಯಾ. ಹಾಗಾಗಿ ಆ ಗಂಡಿನ ಹೆಸರು ಆಯಾಳ ಕೈಗುಣದ ಖಾತೆಗೆ ಹೋಯಿತು. ಎಂಟು, ಒಂಬತ್ತು ಮತ್ತೆ ಹೆಣ್ಣು. ಅಷ್ಟೇ ನೋಡಿ, ತರೀಕೆರೆಯಿಂದ ಹೊರಡುವ ಬಸ್ಸುಗಳಲ್ಲೆಲ್ಲ ಸುದ್ದಿ ಹತ್ತಿ ಕೂತಿತು. ಅಜ್ಜಂಪುರದ ನರ್ಸಮ್ಮನ ಕೈಗುಣ ಹೆಣ್ಣು!

ಆಮೇಲೆ ನಡೆದದ್ದನ್ನು ನೀವು ನಂಬುವುದಿಲ್ಲ. ನೋವು ತಿನ್ನುತ್ತಿರುವ ಹೆಂಗಸನ್ನು ಗಾಡಿಯಿಂದ ಇಳಿಸುತ್ತಾರೆ. ಜೊತೆಯಲ್ಲಿ ಬಂದ ಅತ್ತೆಯೋ ಚಿಕ್ಕಮ್ಮನೋ ವಾರ್ಡಿನ ಬಾಗಿಲಲ್ಲಿ ಇಣುಕಿ ನನ್ನ ಮುಖ ನೋಡುತ್ತಾಳೆ. ನೋಡಿ, "ಇನ್ನೂ ಹೊತ್ತೈತೆ ಬಿಡಿ" ಎಂದು ಸಿಸ್ಟರಿಗೆ ಹೇಳಿ, ಆ ಬಡಪಾಯಿಯನ್ನು ಹೊರಗಿನ ಬೇವಿನ ಮರದ ಸುತ್ತ ನಡೆಸುತ್ತಾಳೆ. ಎಲ್ಲಿಯವರೆಗೆ? ನನ್ನ ಐದೂವರೆ ಬಸ್ಸು ಹೊರಡುವವರೆಗೆ! ಬಸ್ಸಿನ ಕಿಟಕಿಯಿಂದ ತಿರುಗಿ ನೋಡಿದರೆ ಮರದ ಕೆಳಗೆ ಯಾರೂ ಇರುತ್ತಿರಲಿಲ್ಲ. ಮರುದಿನ ಸಿಸ್ಟರು, "ನೀನು ಹೋದ್ಮೇಲೆ ಮೂರಾಯ್ತಮ್ಮ, ಸಾಲಾಗಿ" ಎನ್ನುವರು. ಅದರಲ್ಲಿ ಎರಡು ಹೆಣ್ಣು ಎಂದು ಕೇಳಿ ನನಗೆ ಹೊಟ್ಟೆ ತಣ್ಣಗಾಗುತ್ತಿತ್ತು.

ನಾನು ಸುಮ್ಮನಿರುವ ಜಾತಿಯಲ್ಲ. ಒಬ್ಬ ಮುದುಕಿಯನ್ನು ಮರದ ಕೆಳಗೇ ಹಿಡಿದು ನಿಲ್ಲಿಸಿ ಹೇಳಿದೆ: "ನೋಡಜ್ಜಿ, ಗಂಡೋ ಹೆಣ್ಣೋ ಅಂತ ತೀರ್ಮಾನ ಆಗಿ ಒಂಬತ್ತು ತಿಂಗಳಾಯ್ತು. ನನ್ನ ಕೈಯಲ್ಲೇನೂ ಇಲ್ಲ. ಅದೆಲ್ಲ ನಿಮ್ಮ ಮಗನ ಕಡೆಯಿಂದ ಆಗಿರೋದು." ಅಜ್ಜಿಗೆ ಸಿಟ್ಟು ನೆತ್ತಿಗೇರಿತು. "ನನ್ ಮಗನ ಮ್ಯಾಲೆ ಯಾಕಮ್ಮ ಹಾಕ್ತೀಯ? ಒಂಬತ್ತು ತಿಂಗಳ ಹಿಂದೆ ಅವನು ಊರಲ್ಲೇ ಇರ್ಲಿಲ್ಲ ಕಣಮ್ಮ!" ಅಲ್ಲಿಗೆ ನಾನು ವಿಜ್ಞಾನ ನಿಲ್ಲಿಸಿದೆ. ಇನ್ನೊಂದು ಮಾತು ಆಡಿದ್ದರೆ ಒಂದು ಸಂಸಾರ ಮುರಿಯುತ್ತಿತ್ತು.

ಹೊರಗಿನವರ ಮಾತು ಹಾಗಿರಲಿ, ಮನೆಯಲ್ಲಾದರೂ ನೆಮ್ಮದಿ ಬೇಡವೇ? ಹೆರಿಗೆ ಮಾಡಿಸಿ ಬಂದವಳು ತಲೆಯ ಮೇಲೆ ನೀರು ಹಾಕಿಕೊಳ್ಳದೆ ಒಳಗೆ ಕಾಲಿಡಕೂಡದೆಂದು ಅತ್ತೆಯ ಅಪ್ಪಣೆ. ತರೀಕೆರೆಗೆ ಹೋದ ದಿನಗಳಲ್ಲಿ ಸಂಜೆ ಹಂಡೆಯಲ್ಲಿ ನೀರು ಕಾಯಿಸಿ ಹಿತ್ತಲ ಬಾಗಿಲಲ್ಲಿ ಕಾಯುತ್ತಿದ್ದರು. ಹೆರಿಗೆಗಳು ನಿಂತುಹೋದ ಮೇಲೆ, "ಯಾಕೆ, ಇವತ್ತೂ ಸ್ನಾನ ಇಲ್ವೇ?" ಎಂದು ಕೇಳುವರು. ಸುದ್ದಿ ಅವರಿಗೂ ಮುಟ್ಟಿತ್ತು. "ನಂಗೆ ಮೊದ್ಲೇ ಗೊತ್ತಿತ್ತು ಕಣೇ. ನಿಂಗೂ ಎರಡೂ ಹೆಣ್ಣೇ ಅಲ್ವೇ?" ಎಂದರು. ನನ್ನ ಎರಡನೆಯವಳ ಹೆರಿಗೆ ಮಾಡಿಸಿದ್ದು ಸಾಕ್ಷಾತ್ ಅವರೇ. ಕೈಗುಣದ ಮಾತಾದರೆ ಅದು ಅವರದಲ್ಲವೇ? ಕೇಳಿಯೇಬಿಟ್ಟೆ. "ನಾನು ಹಿಡ್ಕೊಂಡೆ ಅಷ್ಟೇ. ಹೆತ್ತೋಳು ನೀನು" ಎಂದರು. ಅಂದರೆ ಹೆತ್ತರೂ ನನ್ನ ತಪ್ಪು, ಹಿಡಿದರೂ ನನ್ನ ತಪ್ಪು. ಆ ದಿನ ಸ್ನಾನದ ಅಗತ್ಯವಿಲ್ಲದಿದ್ದರೂ ಹಂಡೆಯ ನೀರನ್ನೆಲ್ಲ ತಲೆಗೆ ಸುರಿದುಕೊಂಡೆ.

ಅಂತೂ ಕಾಡಿ ಬೇಡಿ, ಮರದ ಸುತ್ತ ನಡೆಯುವಷ್ಟು ಪುರುಸೊತ್ತಿಲ್ಲದೆ ಬಂದವರಿಂದ ಹತ್ತೊಂಬತ್ತಾಯಿತು. ಕೊನೆಯ ಶನಿವಾರವೂ ಬಂತು. ಮಧ್ಯಾಹ್ನ ಮೂರಾದರೂ ವಾರ್ಡಿನಲ್ಲಿ ಒಂದು ನರಳಾಟವಿಲ್ಲ. ಖಾಲಿ ಮಂಚಗಳನ್ನು ನೋಡುತ್ತಾ ಅಳು ಬಂತು. ಅಳುತ್ತಾ ಕೂತಿರುವಾಗ ಅಮೃತಾಪುರದಿಂದ ಒಬ್ಬಳು ಬಂದಳು. ಗಂಡ ಹಿಂದೆ, ತಾನು ಮುಂದೆ. ಬಾಗಿಲಲ್ಲೇ ಸೊಂಟ ಹಿಡಿದುಕೊಂಡು, "ಅಜ್ಜಂಪುರದ ನರ್ಸಮ್ಮ ಇದಾರಾ? ಅವರೇ ಬೇಕು" ಎಂದಳು.

ನಾನು ಕಿವಿಯನ್ನು ನಂಬಲಿಲ್ಲ. "ಯಾಕಮ್ಮ?" ಎಂದೆ.

"ಮೂರು ಗಂಡು ಹೆತ್ತು ಸಾಕಾಗೈತೆ ಕಣ್ರೀ. ಒಂದು ಮಾತು ಕೇಳಲ್ಲ, ಒಂದು ಲೋಟ ಎತ್ತಿಡಲ್ಲ. ಮನೇಲಿ ಆರತಿ ಎತ್ತೋಕೆ ಒಬ್ಬಳಿಲ್ಲ. ನಿಮ್ ಕೈಲಿ ಹೆಣ್ಣೇ ಆಯ್ತದಂತಲ್ಲ. ಬೆಳಿಗ್ಗೆಯಿಂದ ಹಲ್ಲು ಕಚ್ಚಿಕೊಂಡು ಬಂದೀನಿ."

ಇಲ್ಲಿ ನಾನು ಏನು ಹೇಳಬೇಕಿತ್ತು? ಗಂಡೋ ಹೆಣ್ಣೋ ನನ್ನ ಕೈಯಲ್ಲಿಲ್ಲ, ಅದೆಲ್ಲ ಮೂಢನಂಬಿಕೆ ಎನ್ನಬೇಕಿತ್ತು. ಮೂರು ತಿಂಗಳಿನಿಂದ ಬೇವಿನ ಮರದ ಕೆಳಗೆ ನಾನು ಮಾಡಿದ ಭಾಷಣವೇ ಅದು. ಆದರೆ ಹೇಳಿದರೆ ಅವಳು ಗಾಡಿ ತಿರುಗಿಸಿಬಿಟ್ಟರೆ? "ಮಲಕ್ಕೋ ತಾಯಿ, ನಾನಿದೀನಿ" ಎಂದೆ.

ಐದಕ್ಕೆ ಸರಿಯಾಗಿ ಮಗು ಬಂತು. ಕೈಗೆ ಬಂದ ಮಗುವನ್ನು ನೋಡಿದೆ. ಗುಂಡುಕಲ್ಲಿನಂಥ ಗಂಡು. ನನ್ನ ಬಾಯಿಂದ "ಅಯ್ಯೋ!" ಎಂದು ಹೊರಟುಹೋಯಿತು.

ಸಿಸ್ಟರು ತಿರುಗಿ ನೋಡಿದರು. ಆ ವಾರ್ಡಿನಲ್ಲಿ ಗಂಡು ಮಗುವಿಗೆ ಯಾರೂ ಹಾಗೆಂದಿರಲಿಲ್ಲ. ತಾಯಿ ಗಾಬರಿಯಿಂದ ತಲೆ ಎತ್ತಿ, "ಏನಾಯ್ತು ನರ್ಸಮ್ಮ, ಮಗು ಸರಿಗೈತಾ?" ಎಂದಳು.

"ಸರಿಗಿದೆ ಕಣಮ್ಮ" ಎಂದೆ. ಆಮೇಲೆ, ಪುಸ್ತಕ ಓದಿದವಳು, ಪರೀಕ್ಷೆಗೆ ಕೂರುವವಳು, ತಲೆ ತಗ್ಗಿಸಿಕೊಂಡು ಹೇಳಿದೆ: "ಗಂಡಾಯ್ತು. ತಪ್ಪಾಯ್ತಮ್ಮ, ಮನ್ನಿಸು."

ಅವಳು ಒಂದು ನಿಟ್ಟುಸಿರು ಬಿಟ್ಟಳು. ನನ್ನ ಮುಖ ನೋಡಿ ಪಾಪ ಅನ್ನಿಸಿತೇನೋ. "ಹೋಗ್ಲಿ ಬಿಡಿ. ನಿಮ್ ಕೈಲಿ ಆದಷ್ಟು ನೀವು ಮಾಡಿದ್ರಿ" ಎಂದು ಸಮಾಧಾನ ಹೇಳಿದಳು. ನಾನು ಎರಡೂ ಕೈ ಜೋಡಿಸಿದೆ.